ಎದುರಾಳಿಗಳೇ ಹಾಡಿ ಬೀಳ್ಕೊಟ್ಟ ವರದಿಗಾರ

ಕಾರ್ಡಿಫ್‌ನ ಮಿಲೇನಿಯಂ ಕ್ರೀಡಾಂಗಣದಲ್ಲಿ 2002ರ ಏಪ್ರಿಲ್ 6ರಂದು ನಡೆದ ಅಂತರರಾಷ್ಟ್ರೀಯ ರಗ್ಬಿ ಪಂದ್ಯದಲ್ಲಿ ವೇಲ್ಸ್ ತಂಡ ಸ್ಕಾಟ್ಲೆಂಡ್‌ಗೆ 22–27ರಿಂದ ಸೋತಿತು. ನಮಗೆ ಕ್ರಿಕೆಟ್ ಹೇಗೋ ವೇಲ್ಸ್ ಜನರಿಗೆ ರಗ್ಬಿ ಹಾಗೆ. ತವರು ನೆಲದ ಸೋಲನ್ನು ಅವರು ಸುಲಭವಾಗಿ ನುಂಗಿಕೊಳ್ಳುವವರಲ್ಲ. ಆದರೂ ಅಂದು ಅಲ್ಲಿ ನೆರೆದಿದ್ದ ಅಭಿಮಾನಿಗಳು ಎದುರಾಳಿ ನಾಡಿನ ಒಬ್ಬ ವೃದ್ಧರಿಗಾಗಿ, ಇಂಗ್ಲಿಷರು ಸಂತೋಷಕೂಟಗಳಲ್ಲಿ ಹಾಡುವ ಅಭಿನಂದನೆಯ ಹಾಡನ್ನು ಒಕ್ಕೊರಲಿನಿಂದ ಹಾಡಿದರು. ‘ಬಿಲ್ ಮೆಕ್‌ಲಾರೆನ್ ವೇಲ್ಸ್‌ನವರು’ ಎಂಬ ಬರಹವನ್ನು ಎತ್ತಿ ಹಿಡಿದವರೂ ಇದ್ದರು. ಆ ವೃದ್ಧರು ಆಟಗಾರರಲ್ಲ, ತರಬೇತುದಾರರೂ ಅಲ್ಲ. ಬಿಬಿಸಿಗೆ ರಗ್ಬಿ ವೀಕ್ಷಕ ವಿವರಣೆ ನೀಡುತ್ತಿದ್ದ ಅವರಿಗೆ ಆಗ 78 ವರ್ಷ. ಅದು ಅವರ ಕೊನೆಯ ಪಂದ್ಯ.

ಕ್ರೀಡಾ ವರದಿಗಾರರು ನಿವೃತ್ತರಾದಾಗ ಸಾಮಾನ್ಯವಾಗಿ ಏನಾಗುತ್ತದೆಂಬುದನ್ನು ನಾನು ಬಲ್ಲೆ. ಕಚೇರಿಯಲ್ಲೊಂದು ಹಾರ, ಒಂದು ಶಾಲು, ನಾಲ್ಕು ಮಾತು, ಬಳಿಕ ಕಾಫಿ. ಅವರ ಬರಹವನ್ನು ಮೂವತ್ತು ವರ್ಷ ಓದಿದವರಿಗೆ ಆ ಹೆಸರು ಪುಟದಿಂದ ಮಾಯವಾದದ್ದು ತಿಂಗಳುಗಳ ನಂತರ ಅರಿವಿಗೆ ಬಂದರೆ ಬಂದೀತು. ಹಾಗಿರುವಾಗ ಸೋತ ಪಕ್ಷದವರೇ ಒಬ್ಬ ವರದಿಗಾರನಿಗೆ ಹಾಡುವಂತಾಗಬೇಕಾದರೆ ಆತ ಮಾಡಿದ್ದಾದರೂ ಏನು?

ಉತ್ತರಕ್ಕಾಗಿ ಸ್ಕಾಟ್ಲೆಂಡಿನ ದಕ್ಷಿಣದ ಗಡಿ ಸೀಮೆಯ ಹಾಯಿಕ್ ಎಂಬ ಸಣ್ಣ ಊರಿಗೆ ಹೋಗಬೇಕು. ಉಣ್ಣೆಯ ಹೆಣಿಗೆ ಬಟ್ಟೆಗೂ ರಗ್ಬಿಗೂ ಹೆಸರಾದ ಊರು ಅದು. ಮೆಕ್‌ಲಾರೆನ್ 1923ರಲ್ಲಿ ಅಲ್ಲಿಯೇ ಹುಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ಫಿರಂಗಿ ದಳದ ಸೈನಿಕರಾಗಿ ಇಟಲಿಯಲ್ಲಿ ಕಾದಿ, ಕಾಣಬಾರದ್ದನ್ನೆಲ್ಲ ಕಂಡು ಮರಳಿದರು. ಊರಿನ ತಂಡದಲ್ಲಿ ಆಡುತ್ತ ಇನ್ನೇನು ರಾಷ್ಟ್ರೀಯ ತಂಡದ ಬಾಗಿಲು ತೆರೆಯಿತು ಎನ್ನುವಷ್ಟರಲ್ಲಿ ಕ್ಷಯ ಅಂಟಿಕೊಂಡಿತು. ಆ ಕಾಲದಲ್ಲಿ ಅದು ಬಹುಪಾಲು ಮರಣದ ಆಜ್ಞೆಯೇ. ಈಸ್ಟ್ ಫಾರ್ಚೂನ್ ಆರೋಗ್ಯಧಾಮದಲ್ಲಿ ಒಂದೂವರೆ ವರ್ಷಕ್ಕೂ ಮಿಕ್ಕಿ ಮಲಗಿದ್ದ ಅವರನ್ನು ಉಳಿಸಿದ್ದು ಆಗಷ್ಟೇ ಪ್ರಯೋಗದಲ್ಲಿದ್ದ ಸ್ಟ್ರೆಪ್ಟೊಮೈಸಿನ್. 1943ರಲ್ಲಿ ಕಂಡುಹಿಡಿಯಲಾದ ಈ ಔಷಧ ಇನ್ನು ಕೆಲವು ವರ್ಷ ತಡವಾಗಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಆಡುವ ಬದುಕು ಮುಗಿಯಿತು. ಆದರೆ ಅದೇ ಆಸ್ಪತ್ರೆಯ ಆಂತರಿಕ ರೇಡಿಯೊದಲ್ಲಿ, ರೋಗಿಗಳ ಟೇಬಲ್ ಟೆನಿಸ್ ಆಟಕ್ಕೆ ವಿವರಣೆ ನೀಡುತ್ತ ಅವರಿಗೆ ಮತ್ತೊಂದು ಬದುಕು ದೊರಕಿತು. ಗುಣಮುಖರಾದ ಮೇಲೆ ‘ಹಾಯಿಕ್ ಎಕ್ಸ್‌ಪ್ರೆಸ್’ ಎಂಬ ಊರಿನ ಪತ್ರಿಕೆಗೆ ವರದಿ ಬರೆದರು. ಅಲ್ಲಿಯ ಸಂಪಾದಕರೇ ಅವರ ಹೆಸರನ್ನು ಬಿಬಿಸಿಗೆ ಶಿಫಾರಸು ಮಾಡಿದರು. ಸಣ್ಣ ಊರಿನ ಸಂಪಾದಕನೊಬ್ಬ ತನ್ನ ಒಳ್ಳೆಯ ಹುಡುಗನನ್ನು ಕಳೆದುಕೊಳ್ಳಲು ತಾನಾಗಿಯೇ ಮುಂದಾದದ್ದು ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಸಂಗತಿ. 1953ರಲ್ಲಿ ಎಡಿನ್‌ಬರೊದ ಮರೇಫೀಲ್ಡ್ ಮೈದಾನದಿಂದ ಮೆಕ್‌ಲಾರೆನ್ ತಮ್ಮ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಬಿತ್ತರಿಸಿದರು. ಅಂದು ಎದುರಿದ್ದುದು ಇದೇ ವೇಲ್ಸ್. ಸ್ಕಾಟ್ಲೆಂಡ್ 0–12ರಿಂದ ಸೋತಿತ್ತು.

ಅವರು ಬಿಬಿಸಿಯ ನೌಕರಿಗೆ ಸೇರಲೇ ಇಲ್ಲ. ಹಾಯಿಕ್‌ನ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಕರಾಗಿ ದಶಕಗಳ ಕಾಲ ದುಡಿದರು. ವಾರಾಂತ್ಯದಲ್ಲಿ ಮಾತ್ರ ಮೈಕಿನ ಮುಂದೆ ಕೂತರು. 1990ರಲ್ಲಿ ಇಂಗ್ಲೆಂಡನ್ನು ಮಣಿಸಿ ಸ್ಕಾಟ್ಲೆಂಡ್ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಾಗ ನಿರ್ಣಾಯಕ ‘ಟ್ರೈ’ ಗಳಿಸಿದ ಟೋನಿ ಸ್ಟ್ಯಾಂಜರ್ ಅವರ ಶಾಲೆಯ ಹುಡುಗ. ಹಾಯಿಕ್ ಬಿಟ್ಟು ಹೊರಗೆ ಕಳೆದ ದಿನ ವ್ಯರ್ಥ ಎಂಬುದು ಅವರ ನಂಬಿಕೆ. ಲಂಡನ್ನಿಗೆ ಮನೆ ಬದಲಿಸದೆಯೂ ರಾಷ್ಟ್ರದ ಧ್ವನಿಯಾಗಬಹುದೆಂಬುದು, ಬೆಂಗಳೂರಿಗೆ ಬಂದ ಹೊರತು ಗತಿಯಿಲ್ಲವೆಂದು ನಂಬಿರುವ ನಮ್ಮ ಜಿಲ್ಲೆಗಳ ತರುಣ ಬರಹಗಾರರಿಗೆ ತಿಳಿದಿದ್ದರೆ ಒಳಿತು.

ಅವರ ಕೆಲಸದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ರಗ್ಬಿಯಲ್ಲಿ ಪ್ರತಿ ಪಕ್ಷಕ್ಕೆ ಹದಿನೈದು ಮಂದಿ. ಮಳೆಗಾಲದ ಕೆಸರು ಮೆತ್ತಿಕೊಂಡ ಮೇಲೆ ಬೆನ್ನ ಮೇಲಿನ ಅಂಕಿಯೂ ಕಾಣದು, ಅಂಗಿಯ ಬಣ್ಣವೂ ತಿಳಿಯದು. ಆದ್ದರಿಂದ ಪಂದ್ಯಕ್ಕೆ ಮೊದಲೇ ಎರಡೂ ತಂಡಗಳ ಅಭ್ಯಾಸಕ್ಕೆ ಹೋಗಿ ನಿಲ್ಲುತ್ತಿದ್ದರು. ಆಟಗಾರರ ಚಹರೆ, ಚಲನವಲನಗಳನ್ನು ಕಣ್ಣಿನಲ್ಲಿ ತುಂಬಿಕೊಳ್ಳುತ್ತಿದ್ದರು. ಮನೆಯಲ್ಲಿ ಇಸ್ಪೀಟೆಲೆಗಳನ್ನು ಆಟಗಾರರ ಸಂಖ್ಯೆಗಳಿಗೆ ಹೊಂದಿಸಿ, ಕಲಸಿ, ಒಂದೊಂದಾಗಿ ತಿರುವಿ ಹೆಸರು ಉರು ಹಾಕುತ್ತಿದ್ದರು. ಜೊತೆಗೊಂದು ಅಗಲವಾದ ಹಾಳೆ. ಅದರ ತುಂಬ ಬಣ್ಣಬಣ್ಣದ ಶಾಯಿಯಲ್ಲಿ ಪ್ರತಿಯೊಬ್ಬ ಆಟಗಾರನ ವಿವರ. ಅದರಲ್ಲಿ ಪಂದ್ಯದ ದಿನ ಬಳಕೆಯಾಗುತ್ತಿದ್ದುದು ಅತ್ಯಲ್ಪ ಭಾಗ. ಉಳಿದದ್ದು ಕೇಳುಗರ ಕಿವಿಗೆ ಬೀಳುತ್ತಿರಲಿಲ್ಲ. ಆದರೆ ಅದರ ಬಲ ಮಾತ್ರ ಕೇಳಿಸುತ್ತಿತ್ತು ಎಂದೇ ನನ್ನ ಭಾವನೆ. ಇಂದಿನ ವಿವರಣೆಕಾರರ ಮುಂದಿನ ಪರದೆಯಲ್ಲಿ ಅಂಕಿ-ಅಂಶಗಳು ತಾವಾಗಿಯೇ ಉದುರುತ್ತವೆ. ಮಾತು ಮಾತ್ರ ತೆಳ್ಳಗಾಗಿದೆ.

ಇನ್ನು ನಿಷ್ಪಕ್ಷಪಾತ. 1976ರ ಕಲ್ಕತ್ತಾ ಕಪ್ ಪಂದ್ಯದಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡನ್ನು 22–12ರಿಂದ ಸೋಲಿಸಿತು. ಈ ಕಪ್ಪಿನ ಹೆಸರು ನಮ್ಮ ಓದುಗರಿಗೆ ಕುತೂಹಲ ಹುಟ್ಟಿಸೀತು: ಕಲ್ಕತ್ತಾ ಫುಟ್‌ಬಾಲ್ ಕ್ಲಬ್ 1878ರಲ್ಲಿ ಮುಚ್ಚಿದಾಗ ಅದರ ಖಾತೆಯಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದು ಅದು, ಹಿಡಿಗಳು ನಾಗರ ಹಾವಿನ ಆಕಾರದವು, ಮುಚ್ಚಳದ ಮೇಲೊಂದು ಆನೆ. ನಮ್ಮ ನಾಣ್ಯಕ್ಕಾಗಿ ಆ ಎರಡು ದೇಶಗಳು ಇಂದಿಗೂ ಗುದ್ದಾಡುತ್ತಿವೆ. ಅಂದಿನ ಪಂದ್ಯದಲ್ಲಿ ಎರಡು ಟ್ರೈ ಗಳಿಸಿದ ಆಲನ್ ಲಾಸನ್ ಮೆಕ್‌ಲಾರೆನ್ ಅವರ ಅಳಿಯ. ಗೊತ್ತಿಲ್ಲದವರಿಗೆ ವಿವರಣೆಯ ದನಿಯಿಂದ ಆ ಸಂಬಂಧ ತಿಳಿಯುವಂತಿರಲಿಲ್ಲ. ಸ್ವಂತ ದೇಶ, ಹಳೆಯ ವೈರಿ, ಮಗಳ ಗಂಡ. ಇವಿಷ್ಟೂ ಕೂಡಿದಾಗ ನಾಲಿಗೆಯನ್ನು ಹದದಲ್ಲಿಡುವುದು ಸಾಮಾನ್ಯ ಸಂಯಮವಲ್ಲ. ‘ನಮ್ಮ ಹುಡುಗರು’ ಎನ್ನದೆ ಒಂದು ಓವರನ್ನೂ ಮುಗಿಸಲಾಗದ ನಮ್ಮ ಕೆಲವು ಕ್ರಿಕೆಟ್ ವಿವರಣೆಕಾರರನ್ನು ಕೇಳಿದವರಿಗೆ ಇದರ ಬೆಲೆ ತಿಳಿದೀತು. ತಪ್ಪೆಸಗಿದ ಆಟಗಾರನನ್ನೂ ಮೆಕ್‌ಲಾರೆನ್ ಹಂಗಿಸಲಿಲ್ಲ. ಆ ಹದಿನೈದರಲ್ಲಿ ಒಬ್ಬನಾಗುವ ಭಾಗ್ಯ ಕೈತಪ್ಪಿದವರಾದ್ದರಿಂದಲೇ ಇರಬೇಕು.

ಒಂದು ವಿಪರ್ಯಾಸವೂ ಉಂಟು. ರಗ್ಬಿ ಇತಿಹಾಸದ ಅತ್ಯಂತ ಪ್ರಸಿದ್ಧ ಟ್ರೈ, 1973ರಲ್ಲಿ ಕಾರ್ಡಿಫ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಬಾರ್ಬೇರಿಯನ್ಸ್ ತಂಡದ ಗ್ಯಾರೆತ್ ಎಡ್ವರ್ಡ್ಸ್ ಗಳಿಸಿದ್ದು, ಇವರ ದನಿಯಲ್ಲಿ ಇಲ್ಲ. ಅಂದು ಜ್ವರ ಬಂದು ಮನೆಯಲ್ಲಿದ್ದರು. ಕ್ಲಿಫ್ ಮಾರ್ಗನ್ ಆ ಭಾಗ್ಯ ಪಡೆದರು.

2001ರಲ್ಲಿ ಅಂತರರಾಷ್ಟ್ರೀಯ ರಗ್ಬಿಯ ಗೌರವ ಪಟ್ಟಿಗೆ, ದೇಶಕ್ಕಾಗಿ ಒಮ್ಮೆಯೂ ಆಡದವರ ಪೈಕಿ ಮೊದಲಿಗರಾಗಿ, ಅವರು ಸೇರಿದರು. 2010ರ ಜನವರಿಯಲ್ಲಿ ತೀರಿಕೊಂಡರು. ಅವರ ಜೇಬಿನಲ್ಲಿ ಸದಾ ಊರಿನ ‘ಹಾಯಿಕ್ ಬಾಲ್ಸ್’ ಎಂಬ ಪೆಪ್ಪರ್‌ಮಿಂಟ್ ಮಿಠಾಯಿಯ ಪೊಟ್ಟಣ ಇರುತ್ತಿತ್ತು. ಅಭ್ಯಾಸದ ಮೈದಾನದಲ್ಲಿ ಎದುರಾದವರಿಗೆಲ್ಲ ಒಂದೊಂದು ಕೊಡುತ್ತಿದ್ದರು, ಇಂಗ್ಲೆಂಡಿನ ಆಟಗಾರರಿಗೂ.