ಹಿಂದಿನ ಸೀಟಿನ ವಿಜ್ಞಾನ



ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ, ಹಿರಿಯೂರಿನ ಸಮೀಪ, ಆದಿವಾಲ ಎಂಬ ಊರಿದೆ. ಕೆಲವು ವರ್ಷಗಳ ಹಿಂದೆ ದುರ್ಗದ ಕೋಟೆ ನೋಡಲೆಂದು ನಾನೂ ನನ್ನ ತಂಗಿಯೂ ಮೋಟಾರ್ ಸೈಕಲ್ಲಿನಲ್ಲಿ ಹೊರಟಿದ್ದೆವು. ಸುಮಾರು 160 ಕಿಲೋಮೀಟರ್ ಬಂದ ಮೇಲೆ ಚಹಾ ಕುಡಿಯಲು ಆದಿವಾಲದಲ್ಲಿ ಗಾಡಿ ನಿಲ್ಲಿಸಿದೆ. ಮೊದಲು ಇಳಿದ ತಂಗಿ ನಿಲ್ಲಲಾರದೆ ಸೀಟನ್ನೇ ಹಿಡಿದುಕೊಂಡಳು. ಅವಳ ಎರಡು ಕಾಲೂ ಜೋಮು ಹಿಡಿದಿದ್ದವು, ಸೊಂಟ ನೆಟ್ಟಗಾಗುತ್ತಿರಲಿಲ್ಲ. ನನಗೋ ಒಂದಿಷ್ಟೂ ದಣಿವಿರಲಿಲ್ಲ. "ರಸ್ತೆ ಚೆನ್ನಾಗಿಯೇ ಇತ್ತಲ್ಲ?" ಎಂದೆ. "ನೀನು ಗಾಡಿ ಓಡಿಸ್ತಿದ್ದೆ ಅಣ್ಣಾ, ನಾನು ಬೀಳದ ಹಾಗೆ ನೋಡ್ಕೋತಿದ್ದೆ" ಎಂದಳು.

ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಒಂದೇ ಗಾಡಿ, ಒಂದೇ ರಸ್ತೆ, ಒಂದೇ ವೇಗ. ಆದರೂ ಮುಂದೆ ಕುಳಿತವನಿಗೆ ಸುಖ, ಹಿಂದೆ ಕುಳಿತವಳಿಗೆ ಸಂಕಟ. ಹೀಗೇಕೆ? ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದ ನಾನು ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಕೇಳಿಕೊಂಡೇ ಇರಲಿಲ್ಲ. ನಿಮ್ಮಲ್ಲಿ ಹಲವರು ನಾಳೆ ಅಮ್ಮನನ್ನೋ ಗೆಳೆಯನನ್ನೋ ಹಿಂದೆ ಕೂರಿಸಿಕೊಂಡು ಮಾರಿಕಣಿವೆಗೋ ಚಿತ್ರದುರ್ಗಕ್ಕೋ ಹೊರಡುವವರು. ಆದ್ದರಿಂದ ಈ ಪ್ರಶ್ನೆಯನ್ನು ಈಗಲೇ ಸ್ವಲ್ಪ ಬಿಡಿಸಿ ನೋಡೋಣ.

ಒಂದೇ ಉಬ್ಬು, ಎರಡು ಪೆಟ್ಟು

ಮೋಟಾರ್ ಸೈಕಲ್ಲನ್ನು ಎರಡು ಚಕ್ರಗಳ ಮೇಲೆ ಇಟ್ಟ ಒಂದು ಹಲಗೆ ಎಂದು ಭಾವಿಸಿ. ಎರಡು ಚಕ್ರಗಳ ಅಚ್ಚುಗಳ ನಡುವಿನ ದೂರ 1.4 ಮೀಟರ್ ಎಂದಿಟ್ಟುಕೊಳ್ಳಿ. ಓಡಿಸುವವನು ಹಿಂದಿನ ಅಚ್ಚಿಗಿಂತ ಅರ್ಧ ಮೀಟರ್ ಮುಂದೆ ಕುಳಿತಿರುತ್ತಾನೆ. ಹಿಂದೆ ಕುಳಿತವರು ಹೆಚ್ಚು ಕಡಿಮೆ ಹಿಂದಿನ ಅಚ್ಚಿನ ನೇರಕ್ಕೇ ಇರುತ್ತಾರೆ.

ಈಗ ಹಿಂದಿನ ಚಕ್ರ ಒಂದು ಉಬ್ಬನ್ನು ಹತ್ತಿ, ಹಲಗೆಯ ಹಿಂತುದಿ 3 ಸೆಂಟಿಮೀಟರ್ ಮೇಲೇಳುತ್ತದೆ ಎನ್ನೋಣ. ಮುಂದಿನ ತುದಿ ಇದ್ದಲ್ಲೇ ಇದೆ. ನಡುವೆ ಕುಳಿತ ಸವಾರ ಸುಮಾರು 2 ಸೆಂಟಿಮೀಟರ್ ಮಾತ್ರ ಏಳುತ್ತಾನೆ. ಹಿಂದಿನವರು ಪೂರ್ತಿ 3 ಸೆಂಟಿಮೀಟರ್ ಏಳುತ್ತಾರೆ. ಅಚ್ಚಿಗಿಂತಲೂ ಹಿಂದಕ್ಕೆ ಸರಿದು ಕುಳಿತಿದ್ದರೆ ಇನ್ನೂ ಹೆಚ್ಚು. ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತವರು ಹಳ್ಳದಿಣ್ಣೆಗಳಲ್ಲಿ ಎಗರಿ ಬೀಳುವುದಕ್ಕೂ ಇದೇ ಕಾರಣ.

ಇದರ ಜೊತೆಗೆ ಇನ್ನೊಂದು ವ್ಯತ್ಯಾಸವೂ ಇದೆ. ಓಡಿಸುವವನಿಗೆ ಮುಂದಿನ ಉಬ್ಬು ಕಾಣುತ್ತದೆ. ಅವನ ಸ್ನಾಯುಗಳು ಮೊದಲೇ ಸಿದ್ಧವಾಗುತ್ತವೆ. ಹ್ಯಾಂಡಲ್ಲು ಅವನ ಕೈಯಲ್ಲಿದೆ. ಹಿಂದೆ ಕುಳಿತವರಿಗೆ ಎದುರಿಗಿರುವುದು ಒಂದು ಬೆನ್ನು ಮಾತ್ರ. ಬ್ರೇಕು ಯಾವಾಗ, ತಿರುವು ಯಾವಾಗ ಎಂದು ತಿಳಿಯದೆ ಅವರ ಮೈ ಇಡೀ ದಾರಿ ಬಿಗಿದುಕೊಂಡೇ ಇರುತ್ತದೆ. ದಣಿವಿನ ದೊಡ್ಡ ಪಾಲು ಹುಟ್ಟುವುದು ಈ ಬಿಗಿತದಿಂದ.

ಸ್ಪ್ರಿಂಗಿನ ಲೆಕ್ಕ

ಹೇರಿದ ಬಲಕ್ಕೆ ತಕ್ಕಷ್ಟು ಸ್ಪ್ರಿಂಗು ಕುಗ್ಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಅದನ್ನೇ ಇಲ್ಲಿ ಬಳಸೋಣ. ಹಿಂದಿನ ಎರಡೂ ಸ್ಪ್ರಿಂಗುಗಳು ಸೇರಿ ಒಂದು ಮಿಲಿಮೀಟರ್ ಕುಗ್ಗಲು 40 ನ್ಯೂಟನ್ ಬಲ ಬೇಕು ಎನ್ನಿ. ಕುಗ್ಗಲು ಇರುವ ಒಟ್ಟು ಅವಕಾಶ 80 ಮಿಲಿಮೀಟರ್. ಸವಾರನೊಬ್ಬನೇ ಕುಳಿತಾಗ 25 ಮಿಲಿಮೀಟರ್ ಕುಗ್ಗಿದರೆ ಇನ್ನೂ 55 ಉಳಿಯುತ್ತದೆ. ಹಿಂದೆ ಒಬ್ಬರು ಕುಳಿತು, ಅವರ ಚೀಲವೂ ಸೇರಿ 80 ಕಿಲೋಗ್ರಾಂ ಹೆಚ್ಚಾಯಿತೆನ್ನಿ. ಅಂದರೆ ಸುಮಾರು 800 ನ್ಯೂಟನ್. ಸ್ಪ್ರಿಂಗು ಮತ್ತೆ 20 ಮಿಲಿಮೀಟರ್ ಕುಗ್ಗುತ್ತದೆ. ಈಗ ಉಳಿದದ್ದು 35 ಮಾತ್ರ. ದೊಡ್ಡ ಹಳ್ಳ ಬಂದಾಗ ಈ ಅವಕಾಶ ಮುಗಿದು ಸ್ಪ್ರಿಂಗು ತಳ ಹೊಡೆಯುತ್ತದೆ. ಆ ಕ್ಷಣದಲ್ಲಿ ಸ್ಪ್ರಿಂಗು ಇದ್ದೂ ಇಲ್ಲದಂತೆ. ಪೆಟ್ಟು ನೇರವಾಗಿ ಬೆನ್ನೆಲುಬಿಗೆ.

ಇದಕ್ಕೆ ಪರಿಹಾರ ಬಹುಪಾಲು ಗಾಡಿಗಳಲ್ಲಿ ಮೊದಲಿನಿಂದಲೂ ಇದೆ. ಹಿಂದಿನ ಷಾಕ್ ಅಬ್ಸಾರ್ಬರಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆ ಇರುತ್ತದೆ. ಕೊಕ್ಕೆಯಂತಹ ಸ್ಪ್ಯಾನರಿನಿಂದ ಅದನ್ನು ತಿರುಗಿಸಿದರೆ ಸ್ಪ್ರಿಂಗಿನ ಬುಡ ಮೇಲೇರುತ್ತದೆ. ಒಂದೊಂದು ಮೆಟ್ಟಿಲಿಗೆ 5 ಮಿಲಿಮೀಟರ್ ಎಂದಾದರೆ ಮೂರು ಮೆಟ್ಟಿಲಿಗೆ 15. ಕಳೆದುಕೊಂಡ ಅವಕಾಶದಲ್ಲಿ ಮುಕ್ಕಾಲು ಪಾಲು ಮರಳಿ ಬಂತು. ಇದನ್ನು "ಸ್ಪ್ರಿಂಗು ಗಟ್ಟಿ ಮಾಡುವುದು" ಎಂದು ಎಲ್ಲರೂ ಹೇಳುತ್ತಾರೆ. ವಾಸ್ತವವಾಗಿ ಸ್ಪ್ರಿಂಗಿನ ಬಿಗುವು ಬದಲಾಗುವುದಿಲ್ಲ. ಮಿಲಿಮೀಟರಿಗೆ 40 ನ್ಯೂಟನ್ ಎಂಬುದು ಹಾಗೆಯೇ ಇರುತ್ತದೆ. ಬದಲಾಗುವುದು ಗಾಡಿ ನಿಲ್ಲುವ ಎತ್ತರ.

ಆ ಎತ್ತರಕ್ಕೆ ಇನ್ನೊಂದು ಮಹತ್ವವಿದೆ. ಹಿಂಭಾಗ ಕುಸಿದ ಗಾಡಿಯ ದೀಪ ಮೇಲಕ್ಕೆ ಮುಖ ಮಾಡುತ್ತದೆ. ರಾತ್ರಿ ಎದುರಿನ ಚಾಲಕನ ಕಣ್ಣು ಕುಕ್ಕುತ್ತದೆ. ನಿಮ್ಮ ರಸ್ತೆ ಮಾತ್ರ ಕತ್ತಲಾಗಿಯೇ ಇರುತ್ತದೆ. ಹಿಂದಿನವರ ಸುಖವೂ ಇಬ್ಬರ ಸುರಕ್ಷತೆಯೂ ಹೀಗೆ ಒಂದೇ ಬಳೆಯಲ್ಲಿವೆ.

ಟೈರಿನ ಗಾಳಿಗೂ ಇದೇ ಮಾತು. ಒಬ್ಬರಿಗೆ ಒಂದು ಒತ್ತಡ, ಇಬ್ಬರಿಗೆ ಇನ್ನೊಂದು ಒತ್ತಡ ಎಂದು ಗಾಡಿಯ ಮೇಲೆ ಅಂಟಿಸಿದ ಚೀಟಿಯಲ್ಲೋ ಕೈಪಿಡಿಯಲ್ಲೋ ಅಚ್ಚಾಗಿರುತ್ತದೆ. ಟೈರು ತಣ್ಣಗಿರುವಾಗ, ಅಂದರೆ ಹೊರಡುವ ಮೊದಲೇ, ಅದರಂತೆ ಗಾಳಿ ತುಂಬಿಸಬೇಕು. ಮೆತ್ತಗಿದ್ದರೆ ಸುಖ ಎಂದು ಗಾಳಿ ಕಡಿಮೆ ಮಾಡುವುದು ತಪ್ಪು. ಭಾರ ಹೊತ್ತ ಮೆತ್ತನೆಯ ಟೈರು ಓಡುತ್ತ ಬಿಸಿಯೇರುತ್ತದೆ, ತಿರುವಿನಲ್ಲಿ ತೊನೆಯುತ್ತದೆ.

ಕಾಲು, ಕೈ, ಬೆನ್ನು

ತಂಗಿಯ ಕಾಲು ಜೋಮು ಹಿಡಿದದ್ದೇಕೆ? ಹಿಂದಿನ ಫುಟ್‌ರೆಸ್ಟು ತೀರ ಎತ್ತರದಲ್ಲಿದ್ದರೆ ಮೊಣಕಾಲು ಬಹಳ ಮಡಚಿಕೊಂಡು ತೊಡೆ ಸೀಟಿನಿಂದ ಮೇಲೇಳುತ್ತದೆ. ಆಗ ಮೈಭಾರವೆಲ್ಲ ಪೃಷ್ಠದ ಎರಡು ಮೂಳೆಗಳ ತುದಿಯ ಮೇಲೆ ಬೀಳುತ್ತದೆ. ಒತ್ತಡವೆಂದರೆ ಬಲವನ್ನು ಕ್ಷೇತ್ರಫಲದಿಂದ ಭಾಗಿಸಿದ್ದು ಎಂದು ನೀವು ಓದಿದ್ದೀರಿ. ಕ್ಷೇತ್ರ ಕಿರಿದಾದರೆ ಒತ್ತಡ ಹೆಚ್ಚು. ಒತ್ತಿದ ಕಡೆ ರಕ್ತಸಂಚಾರ ಕುಂದುತ್ತದೆ, ನರ ಒತ್ತಿಕೊಳ್ಳುತ್ತದೆ, ಜೋಮು ಬರುತ್ತದೆ.

ದೂರ ಪ್ರಯಾಣದ ಗಾಡಿಗಳಿಗೆಂದು ಎತ್ತರ ಬದಲಿಸಬಹುದಾದ ಫುಟ್‌ರೆಸ್ಟುಗಳು ಸಿಗುತ್ತವೆ. ಕೆಲವು ಸೆಂಟಿಮೀಟರ್ ಕೆಳಗಿಳಿದರೂ ತೊಡೆ ಸೀಟಿಗೆ ತಾಗಿ ಭಾರ ಹಂಚಿಕೊಳ್ಳುತ್ತದೆ. ಪಾದ ಊರಿ, ಉಬ್ಬು ಬಂದಾಗ ಕೊಂಚ ಏಳಲೂ ಬರುತ್ತದೆ. ಆದರೆ ಸೈಲೆನ್ಸರಿಗೆ ಕಾಲು ತಾಗುವಷ್ಟು, ತಿರುವಿನಲ್ಲಿ ನೆಲಕ್ಕೆ ಉಜ್ಜುವಷ್ಟು ಕೆಳಗಿಳಿಸಬಾರದು.

ಇನ್ನು ಕೈ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಗಾಡಿಯ ವೇಗವನ್ನು ಸೆಕೆಂಡಿಗೆ 5 ಮೀಟರಿನಂತೆ ತಗ್ಗಿಸಿದರೆ, ಸುಮಾರು 28 ಮೀಟರಿನಲ್ಲಿ ಅದು ನಿಲ್ಲುತ್ತದೆ. ಆ ಮೂರು ಚಿಲ್ಲರೆ ಸೆಕೆಂಡುಗಳ ಕಾಲ 50 ಕಿಲೋಗ್ರಾಂ ತೂಕದವರು ಮುಂದಕ್ಕೆ ಜಾರದಿರಲು 250 ನ್ಯೂಟನ್ ಬಲ ಬೇಕು. ಇದು ಅಕ್ಕಿಯ 25 ಕಿಲೋ ಮೂಟೆಯನ್ನು ಎತ್ತಿ ಹಿಡಿದಷ್ಟು! ಇದರಲ್ಲಿ ಸ್ವಲ್ಪವನ್ನು ಸೀಟಿನ ಘರ್ಷಣೆ ತಡೆಯುತ್ತದೆ. ಉಳಿದದ್ದನ್ನು ಕೈಕಾಲುಗಳು ತಡೆಯಬೇಕು. ಹಳೆಯ ಗಾಡಿಗಳಲ್ಲಿ ಸೀಟಿಗೆ ಅಡ್ಡಲಾಗಿ ಬಿಗಿದ ಒಂದು ಪಟ್ಟಿಯೇ ಹಿಡಿಕೆಯಾಗಿತ್ತು. ಅದನ್ನು ಹಿಡಿಯಲು ಕೈಯನ್ನು ತೊಡೆಗಳ ನಡುವೆ ತೂರಿಸಬೇಕಿತ್ತು. ಸೀಟಿನ ಎರಡೂ ಪಕ್ಕ ಇರುವ ಕಬ್ಬಿಣದ ಹಿಡಿಕೆ ಅದಕ್ಕಿಂತ ಎಷ್ಟೋ ಮೇಲು.

ಗಾಡಿ ಮುನ್ನುಗ್ಗುವಾಗ ಹಿಂದಕ್ಕೆ ಜಾರದಂತೆ ತಡೆಯುವುದು ಬೆನ್ನಿನ ಒರಗು. ಹಿಂದೆ ಮುಂದೆ ಸರಿಸಬಹುದಾದದ್ದು ಒಳ್ಳೆಯದು, ಏಕೆಂದರೆ ಒರಗು ಸೊಂಟದ ಒಳಬಾಗಿಗೆ ತಾಗಬೇಕು. ಭುಜಕ್ಕೆ ತಾಗಿದರೆ ಮುಂದಕ್ಕೆ ನೂಕುತ್ತದೆ. ಸಾಮಾನಿನ ಪೆಟ್ಟಿಗೆಯನ್ನೇ ಒರಗಾಗಿ ಬಳಸುವವರು ಒಂದು ಲೆಕ್ಕ ನೆನಪಿಡಿ. ಅಚ್ಚಿಗಿಂತ 30 ಸೆಂಟಿಮೀಟರ್ ಹಿಂದೆ ಇಟ್ಟ 10 ಕಿಲೋಗ್ರಾಂ ಭಾರ, ಮುಂದಿನ ಚಕ್ರದ ಮೇಲಿನ ಭಾರವನ್ನು ಸುಮಾರು 2 ಕಿಲೋಗ್ರಾಂ ಕಡಿಮೆ ಮಾಡುತ್ತದೆ. ಆ ಹಲಗೆಯ ನಿಯಮವೇ ಇಲ್ಲೂ! ಭಾರದ ವಸ್ತುಗಳನ್ನು ಪಕ್ಕದ ಚೀಲಗಳಲ್ಲಿ ಕೆಳಗೆ, ಮುಂದಕ್ಕೆ ಇಡಿ. ಹಗುರವಾದವು ಮಾತ್ರ ಹಿಂದಿನ ಪೆಟ್ಟಿಗೆಗೆ.

ಮೆತ್ತನೆಯ ಸೀಟು ಒಳ್ಳೆಯದೇ?

ಬಹಳ ಮೆತ್ತನೆಯ ಸೀಟು ಅಂಗಡಿಯಲ್ಲಿ ಹತ್ತು ನಿಮಿಷ ಸುಖ ಕೊಡುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಸ್ಪಂಜು ಪೂರ್ತಿ ಕುಗ್ಗಿ, ಮೂಳೆ ತಳದ ಹಲಗೆಗೆ ತಾಗುತ್ತದೆ. ಮೇಲೆ ಹಾಸುವ ಗಾಳಿದಿಂಬಿನಲ್ಲಿ ಒತ್ತಡ ಹೊಂದಿಸಿಕೊಳ್ಳಬಹುದು. ಆದರೆ ಗಾಳಿ ತುಂಬಿ ಬಿಗಿಯಾದ ದಿಂಬು ಚೆಂಡಿನಂತೆ ಹೊಯ್ದಾಡಿಸುತ್ತದೆ. ಅದರ ಮೇಲೆ ಕುಳಿತು ನಿಧಾನವಾಗಿ ಗಾಳಿ ಬಿಡುತ್ತ ಹೋಗಿ. ಮೂಳೆ ತಳಕ್ಕೆ ತಾಗುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸಿ. ಅದೇ ಸರಿಯಾದ ಹದ.

ಕುಳಿತ ಮನುಷ್ಯನ ದೇಹ ಮೇಲೆ ಕೆಳಗಿನ ಕಂಪನಗಳಲ್ಲಿ ಸೆಕೆಂಡಿಗೆ 4ರಿಂದ 8 ಬಾರಿ ಆಗುವಂಥವಕ್ಕೆ ಅತ್ಯಂತ ಸೂಕ್ಷ್ಮವಾಗಿ ಸ್ಪಂದಿಸುತ್ತದೆ. ಇಂತಹ ಕಂಪನವನ್ನು ಗಂಟೆಗಟ್ಟಲೆ ಸಹಿಸಿದ ಬೆನ್ನಿಗೆ ವಿಶ್ರಾಂತಿ ಕೊಡಬಲ್ಲ ದಿಂಬು ಯಾವುದೂ ಇಲ್ಲ. ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯುವುದೇ ಮದ್ದು. ಹಿರಿಯೂರಿನ ಕಡೆಯಂತಹ ಒಣ ಸೀಮೆಯಲ್ಲಿ ಬಿಸಿಗಾಳಿಗೆ ಬೆವರು ಬಂದದ್ದೇ ತಿಳಿಯದಂತೆ ಆರುತ್ತದೆ. ಬಾಯಾರಿಕೆ ಎನ್ನಿಸುವ ಮೊದಲೇ ನೀರು ಕುಡಿಯಬೇಕು.

ಸೀರೆಯ ಸೆರಗು ಮತ್ತು ಕಾನೂನು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನು ತಯಾರಿಸಿತು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಕುಟುಂಬಗಳು ಊರೂರು ಸುತ್ತಿದ್ದು ಅವುಗಳ ಮೇಲೆ. ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುವ ತಾಯಂದಿರಿಗೆ ಮುಖ್ಯವಾದ ಸಲಕರಣೆ ಹಿಂಚಕ್ರಕ್ಕೆ ಅಡ್ಡವಾಗಿರುವ ಸೀರೆ ಗಾರ್ಡು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂದಿನ ಸವಾರರಿಗೆ ಹಿಡಿಕೆಯನ್ನೂ ಫುಟ್‌ರೆಸ್ಟನ್ನೂ ಕಡ್ಡಾಯ ಮಾಡಿದೆ. ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚಬೇಕೆಂದೂ ಹೇಳುತ್ತದೆ. ಚೆಂದಕ್ಕೆಂದು ಈ ಗಾರ್ಡನ್ನು ಕಿತ್ತುಹಾಕುವ ಹುಡುಗರಿದ್ದಾರೆ. ಸೆರಗೋ ದುಪಟ್ಟಾವೋ ಕಡ್ಡಿಗಳಿಗೆ ಸಿಕ್ಕರೆ ಚಕ್ರ ಅದನ್ನು ಎಳೆದುಕೊಳ್ಳಲು ಒಂದು ಸೆಕೆಂಡೂ ಬೇಡ. ಕೊರಳಿಗೆ ಸುತ್ತಿದ ಬಟ್ಟೆಯಾದರೆ ಪ್ರಾಣವೇ ಹೋಗಬಹುದು. ಹೊರಡುವ ಮೊದಲು ಸೆರಗನ್ನು ಸಿಕ್ಕಿಸಿ, ದುಪಟ್ಟಾವನ್ನು ಗಂಟುಹಾಕಿ. ಹಿಂದಿನವರ ತಲೆಗೂ ಹೆಲ್ಮೆಟ್ ಬೇಕು. ಕರ್ನಾಟಕದಲ್ಲಿ 2016ರ ಜನವರಿಯಲ್ಲಿ ಅದು ಕಡ್ಡಾಯವಾಯಿತು.

ನೀವೇ ಮಾಡಿ ನೋಡಿ

ಒಂದು ಅಳತೆ ಪಟ್ಟಿ, ಮೂವರು ಗೆಳೆಯರು ಸಾಕು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನೆಟ್ಟಗೆ ಹಿಡಿದು, ಹಿಂದಿನ ಅಚ್ಚಿನಿಂದ ನೇರವಾಗಿ ಮೇಲೆ ಸೀಟಿನ ಅಂಚಿಗಿರುವ ದೂರವನ್ನು ಅಳೆಯಿರಿ. ಒಬ್ಬರು ಕುಳಿತಾಗ ಎಷ್ಟು? ಇಬ್ಬರು ಕುಳಿತಾಗ ಎಷ್ಟು? ಬಳೆಯನ್ನು ಎರಡು ಮೆಟ್ಟಿಲು ಏರಿಸಿ ಮತ್ತೆ ಅಳೆಯಿರಿ. ಹುಕ್‌ನ ನಿಯಮ ನಿಮ್ಮ ಮನೆಯಂಗಳದಲ್ಲೇ ಕಾಣುತ್ತದೆ. ಬಳೆ ತಿರುಗಿಸುವಾಗ ಅನುಭವಸ್ಥರೊಬ್ಬರು ಜೊತೆಗಿರಲಿ, ಸ್ಪ್ಯಾನರು ಜಾರಿದರೆ ಬೆರಳಿಗೆ ಗಾಯವಾದೀತು. ಒಬ್ಬರೇ ಹೋಗುವಾಗ ಅದನ್ನು ಮತ್ತೆ ಇಳಿಸುವುದನ್ನು ಮರೆಯಬೇಡಿ.

ಅಂದು ಚಿತ್ರದುರ್ಗ ತಲುಪಿದ ಮೇಲೆ ಒಬ್ಬ ಮೆಕ್ಯಾನಿಕ್ಕನ ಬಳಿ ಹೋದೆ. ಹೊಸ ಸೀಟು, ಹೊಸ ದಿಂಬು ಎಂದೆಲ್ಲ ನಾನು ಹೇಳುತ್ತಿದ್ದರೆ ಆತ ಕೇಳಿದ್ದು ಒಂದೇ ಪ್ರಶ್ನೆ: "ಹಿಂದೆ ಕೂರೋರು ಯಾರು ಸಾರ್? ಮೊದಲು ಅವರನ್ನ ಕೂರಿಸಿ." ತಂಗಿಯನ್ನು ಕೂರಿಸಿ, ಗಾಡಿ ಕುಸಿದದ್ದನ್ನು ನೋಡಿ, ಬಳೆಯನ್ನು ಮೂರು ಮೆಟ್ಟಿಲು ಏರಿಸಿದ, ಟೈರಿಗೆ ಗಾಳಿ ತುಂಬಿದ. ಗಾಡಿ ಕೊಂಡ ದಿನ ಆ ಬಳೆ ಎಲ್ಲಿತ್ತೋ ಅಂದಿನವರೆಗೂ ಅಲ್ಲೇ ಇತ್ತು. ಮರಳಿ ಬರುವಾಗ ಗಂಟೆಗೊಮ್ಮೆ ನಿಂತೆವು. ಆದಿವಾಲದಲ್ಲಿ ತಂಗಿ ತಾನಾಗಿಯೇ ಇಳಿದು, ನನಗಿಂತ ಮುಂಚೆ ಚಹಾದ ಅಂಗಡಿಗೆ ನಡೆದಳು.

ಸಲಕರಣೆಗಳನ್ನು ಕೊಳ್ಳುವುದು ಆಮೇಲಿನ ಮಾತು. ಇರುವುದನ್ನು ಹಿಂದೆ ಕೂರುವವರಿಗೆ ಹೊಂದಿಸುವುದು ಮೊದಲ ಕೆಲಸ. ಅದಕ್ಕೂ ಮೊದಲು ಅವರನ್ನು ಒಂದು ಮಾತು ಕೇಳಬೇಕು: "ಹೇಗಿದೆ, ನೋಯುತ್ತಿದೆಯೇ?" ದಾರಿ ಕಾಣದೆ, ಹ್ಯಾಂಡಲ್ಲಿಲ್ಲದೆ, ನಿಮ್ಮನ್ನು ನಂಬಿಯೇ ಕುಳಿತವರು ಅವರು. ಮುಂದಿನ ಪ್ರವಾಸಕ್ಕೆ ಹೊರಡುವಾಗ ಈ ಪ್ರಶ್ನೆಯನ್ನು ನೀವು ಕೇಳುವಿರಲ್ಲವೇ?