ಸಮುದ್ರವಿಲ್ಲದ ಊರಿನ ಸಮುದ್ರಗಳು

ಬೆಂಗಳೂರಿನ ವೈಯಾಲಿಕಾವಲಿನ ಅಡ್ಡರಸ್ತೆಗಳಲ್ಲಿ ಸೈಕಲ್ ತುಳಿದವರಿಗೆ ನೆಲ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ, ಮೊಣಕಾಲಿಗೇ ಗೊತ್ತು. ಹೆಸರಿನಲ್ಲೂ ನೆಲದ ನೆನಪಿದೆ. ವೈಹಾಳಿ, ವೈಯಾಳಿ ಎಂದರೆ ಹಳೆಯ ಕನ್ನಡದಲ್ಲಿ ಕುದುರೆ ಸವಾರಿ. ಕಾವಲ್ ಎಂದರೆ ಉಳದೆ, ಬಿತ್ತದೆ, ಮೇವಿಗೆಂದು ಕಾದಿಟ್ಟ ಹುಲ್ಲುಗಾವಲು. ನೀರು ನಿಲ್ಲದ ದಿಣ್ಣೆ ಹುಲ್ಲಿಗೂ ಕುದುರೆಗೂ ಒಪ್ಪುತ್ತದೆ, ಭತ್ತಕ್ಕೆ ಒಗ್ಗುವುದಿಲ್ಲ.

ಕುದುರೆಯ ಮಾತು ಬಂದಾಗ ನನಗೆ ಗ್ರೀಸ್ ನೆನಪಾಗುತ್ತದೆ. ಅಲ್ಲಿ ಕುದುರೆಗೆ ಬೇಕಾದಷ್ಟು ಬಯಲು ಇದ್ದದ್ದು ಥೆಸಲಿಯಂಥ ಒಂದೆರಡು ಕಡೆ ಮಾತ್ರ. ಉಳಿದದ್ದೆಲ್ಲ ಬೆಟ್ಟ, ಬೆಟ್ಟಗಳ ನಡುವೆ ಅಂಗೈಯಗಲದ ಕಣಿವೆ. ಹಾಗಾಗಿ ಊರು ಕಾಯುವ ಕೆಲಸ ಕುದುರೆ ಸಾಕುವ ಸಿರಿವಂತರ ಕೈಯಲ್ಲಷ್ಟೇ ಉಳಿಯಲಿಲ್ಲ. ತನ್ನ ಗುರಾಣಿ, ಈಟಿ ತಾನೇ ಹೊಂದಿಸಿಕೊಂಡು ಸಾಲಿನಲ್ಲಿ ನಿಲ್ಲುವ ರೈತನ ಹೆಗಲಿಗೂ ಬಂತು. ಊರಿಗಾಗಿ ಜೀವ ಕೊಡಲು ನಿಂತವನು ಊರಿನ ತೀರ್ಮಾನದಲ್ಲಿ ಮಾತನ್ನೂ ಕೇಳಿದ.

ಅಥೆನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಅಟಿಕಾ ಸೀಮೆಯದು ತೆಳು ಮಣ್ಣು. ಬಾರ್ಲಿ, ಆಲಿವ್‌ಗೆ ಸಾಕು, ಗೋಧಿಗೆ ಸಾಲದು. ಇತಿಹಾಸಕಾರ ಥುಸಿಡಿಡೀಸ್ ಆ ಬಡ ಮಣ್ಣನ್ನೇ ಅಟಿಕಾದ ಪುಣ್ಯವೆಂದು ಕಂಡವನು. ಅಂಥ ನೆಲಕ್ಕೆ ಯಾರೂ ಆಸೆಪಡಲಿಲ್ಲ, ಹಾಗಾಗಿ ಅಲ್ಲಿಯ ಜನ ಕದಲದೆ ನೆಲೆನಿಂತರು ಎಂಬುದು ಅವನ ವಾದ. ಹೊಟ್ಟೆಗೆ ಬೇಕಾದ ಧಾನ್ಯ ಕಪ್ಪು ಸಮುದ್ರದ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ಕ್ರಿ.ಪೂ. 483ರಲ್ಲಿ ಲಾರಿಯಂ ಗಣಿಯಲ್ಲಿ ಹೇರಳ ಬೆಳ್ಳಿ ಸಿಕ್ಕಾಗ, ಅದನ್ನು ಜನರಿಗೆ ಹಂಚುವ ಬದಲು ಯುದ್ಧನೌಕೆ ಕಟ್ಟೋಣ ಎಂದು ಅಲ್ಲಿನ ನಾಯಕ ಥೆಮಿಸ್ಟಾಕ್ಲೀಸ್ ಒಪ್ಪಿಸಿದ. ಒಂದು ನೌಕೆಗೆ 170 ಹುಟ್ಟುಗಾರರು ಬೇಕು. ಗುರಾಣಿ ಕೊಳ್ಳಲಾರದ ಬಡವನಿಗೂ ಎರಡು ತೋಳುಗಳಿದ್ದವು. ಕ್ರಿ.ಪೂ. 480ರಲ್ಲಿ ಸಲಾಮಿಸ್‌ನ ಇಕ್ಕಟ್ಟಾದ ಜಲಸಂಧಿಯಲ್ಲಿ ಪರ್ಷಿಯಾದ ಹಡಗುದಂಡನ್ನು ಮುರಿದದ್ದು ಆ ತೋಳುಗಳು. ಅಥೆನ್ಸ್‌ನ ಸಭೆಯಲ್ಲಿ ಬಡವರ ಮಾತಿಗೆ ತೂಕ ಬಂದದ್ದರಲ್ಲಿ ಹುಟ್ಟುಗೋಲಿನ ಪಾಲು ದೊಡ್ಡದು. ಆ ಯುದ್ಧದಲ್ಲಿ ಸೋತವರ ಗೋಳನ್ನೇ ಈಸ್ಕಿಲಸ್ ನಾಟಕ ಮಾಡಿದ, ಬಿ.ಎಂ.ಶ್ರೀ. ಅದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಸಮುದ್ರ ಕಾಣದ ನಮ್ಮ ಊರಿನ ಓದುಗರಿಗೆ ಸಲಾಮಿಸ್‌ನ ಅಲೆಗಳು ಕೇಳಿದ್ದು ಹೀಗೆ.

ನಮ್ಮ ಊರಿನ ನೆಲಕ್ಕೆ ಬರೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಒಂದು ದಿಬ್ಬದ ಬೆನ್ನ ಮೇಲೆ ಬೆಂಗಳೂರು ಕೂತಿದೆ. ದೊಡ್ಡ ನದಿಯ ದಡವಲ್ಲ. ಮಳೆ ಬರುತ್ತದೆ, ಬಿದ್ದಷ್ಟೇ ಬೇಗ ಇಳಿದು ಹೋಗುತ್ತದೆ. ಅದನ್ನು ನಿಲ್ಲಿಸಿಕೊಂಡರೆ ಊರು, ಬಿಟ್ಟರೆ ಬರೀ ಕಾವಲು. ಆದ್ದರಿಂದ ಹಿರಿಯರು ಇಳಿಜಾರಿನ ಪ್ರತಿ ತಗ್ಗಿಗೂ ಒಂದೊಂದು ಮಣ್ಣಿನ ಏರಿ ಕಟ್ಟಿದರು, ತೂಬು ಇಟ್ಟರು, ಕೋಡಿ ಬಿಟ್ಟರು. ಆ ನೀರಿಗೆ ಅವರು ಇಟ್ಟ ಹೆಸರು ನೋಡಿ: ಸಮುದ್ರ! ಅದೇ ಸವೆದು ‘ಸಂದ್ರ’ವಾಗಿ ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳಲ್ಲಿ ಉಳಿದಿದೆ. ಗ್ರೀಕರಿಗೆ ಸಮುದ್ರ ಮನೆ ಬಾಗಿಲಿಗೇ ಬಂದಿತ್ತು. ನಮ್ಮವರು ಗುದ್ದಲಿ, ಮಂಕರಿ ಹಿಡಿದು ತಮ್ಮ ಸಮುದ್ರವನ್ನು ತಾವೇ ಮಾಡಿಕೊಳ್ಳಬೇಕಾಯಿತು. ಗ್ರೀಕರು ಸಮುದ್ರದ ಸುತ್ತ ಬದುಕುವುದನ್ನು ಪ್ಲೇಟೋ ಜೌಗಿನ ಸುತ್ತಲ ಇರುವೆ, ಕಪ್ಪೆಗಳಿಗೆ ಹೋಲಿಸುತ್ತಾನೆ. ಆ ಹೋಲಿಕೆ ನಮ್ಮ ಕೆರೆಯಂಗಳಕ್ಕೇ ಹೆಚ್ಚು ಒಪ್ಪುತ್ತದೆ ಎಂದು ನನಗೆ ಅನಿಸುತ್ತದೆ.

ಆದರೆ ಇಲ್ಲೊಂದು ದೊಡ್ಡ ವ್ಯತ್ಯಾಸವಿದೆ. ಬೆಟ್ಟ ಅಡ್ಡ ನಿಂತಾಗ ಪ್ರತಿ ಕಣಿವೆಯೂ ತನ್ನಷ್ಟಕ್ಕೆ ಒಂದು ರಾಜ್ಯವಾಗಬಹುದು. ಗ್ರೀಕರ ನಾಡಿನಲ್ಲಿ ಅಂಥ ನೂರಾರು ನಗರರಾಜ್ಯಗಳಿದ್ದವು, ತಮ್ಮತಮ್ಮಲ್ಲೇ ಕಾದಾಡಿದವು. ಇಳಿಜಾರಿನಲ್ಲಿ ಅದು ನಡೆಯದು. ಮೇಲಿನ ಊರಿನ ಕೋಡಿ ಹರಿದರೆ ತಾನೇ ಕೆಳಗಿನ ಊರಿನ ಕೆರೆ ತುಂಬುವುದು? ಮೇಲಿನವರು ಏರಿ ಎತ್ತರಿಸಿಕೊಂಡರೆ ಕೆಳಗಿನವರ ಗದ್ದೆ ಒಣಗುತ್ತದೆ, ಮೇಲಿನ ಏರಿ ಒಡೆದರೆ ಕೆಳಗಿನ ಊರು ಕೊಚ್ಚಿಹೋಗುತ್ತದೆ. ಹೀಗಾಗಿ ಇಲ್ಲಿ ಬೆಳೆದದ್ದು ಸರದಿಯ ಲೆಕ್ಕ. ಯಾರ ಗದ್ದೆಗೆ ಯಾವ ಹೊತ್ತು ತೂಬು ಎತ್ತಬೇಕೆಂದು ನೋಡಿಕೊಳ್ಳಲು ನೀರುಗಂಟಿ ಇದ್ದ. ಈ ಬದುಕು ಎಲ್ಲರನ್ನೂ ಸಮ ಮಾಡಿತೆಂದು ಹೇಳಲಾರೆ. ನೀರುಗಂಟಿಯ ಕೆಲಸ ಬಹಳ ಕಡೆ ದಲಿತರ ಹೆಗಲ ಮೇಲಿತ್ತು. ನೀರು ಹಂಚಿದ ಕೈಗೆ ಊರಿನ ಬಾವಿ ಮುಟ್ಟುವ ಹಕ್ಕಿರಲಿಲ್ಲ. ಅಥೆನ್ಸ್‌ನ ಬೆಳ್ಳಿಯನ್ನು ಅಗೆದವರೂ ಗುಲಾಮರೇ. ನೆಲ ದಾರಿ ತೋರಿಸುತ್ತದೆ. ಆ ದಾರಿಯಲ್ಲಿ ಯಾರ ತಲೆಯ ಮೇಲೆ ಹೊರೆ ಹೊರಿಸಬೇಕೆಂದು ತೀರ್ಮಾನಿಸುವವರು ಮನುಷ್ಯರು.

ವೈಯಾಲಿಕಾವಲಿಗೆ ಹತ್ತಿರದ ಸ್ಯಾಂಕಿ ಕೆರೆ ಈ ಸಾಲಿನಲ್ಲಿ ತೀರ ಕಿರಿಯದು. 1870ರ ದಶಕದ ಮಹಾ ಬರಗಾಲದ ನಂತರ, 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ್ದು. ಪಕ್ಕದಲ್ಲಿ ಸರ್ಕಾರದ ಗಂಧದ ಕೋಠಿ ಇದ್ದುದರಿಂದ ಜನ ಗಂಧದಕೋಠಿ ಕೆರೆ ಎನ್ನುತ್ತಿದ್ದರು. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗೆ ಬಂತು. ಅಲ್ಲಿಂದಾಚೆಗೆ ಊರು ತನ್ನ ತಗ್ಗುಗಳನ್ನು ಮರೆಯತೊಡಗಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್‌ನ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗ ಹೊರುವ ತಿಗಳ ಸಮುದಾಯ ಮಾತ್ರ ಮರೆಯಲಿಲ್ಲ. ಕ್ರೀಡಾಂಗಣದ ಬಳಿ ಉಳಿದಿರುವ ಆ ಸಂಪಂಗಿಯ ತುಣುಕಿಗೆ ಅವರು ಇಂದಿಗೂ ಪೂಜೆಗೆ ಬರುತ್ತಾರೆ. 1974ರಿಂದ ಕಾವೇರಿಯನ್ನೇ ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ದಿಬ್ಬ ಹತ್ತಿಸುತ್ತಿದ್ದೇವೆ.

ಕೊಳಾಯಿಯಲ್ಲಿ ಹತ್ತಿ ಬಂದ ಕಾವೇರಿ ಚರಂಡಿಯಲ್ಲಿ ಇಳಿದು ಹೋಗುತ್ತಾಳೆ. ಜೋರು ಮಳೆ ಬಂದ ಸಂಜೆ ಗುಟ್ಟಹಳ್ಳಿಯ ಕಡೆ ನೀರು ನುಗ್ಗುವುದನ್ನು ನೋಡುತ್ತಾ ನಾನು ಅದರ ದಾರಿಯನ್ನು ಮನಸ್ಸಿನಲ್ಲೇ ಹಿಡಿಯುತ್ತೇನೆ. ಇಲ್ಲಿಂದ ವೃಷಭಾವತಿ, ಕನಕಪುರದ ಸೀಮೆಯಲ್ಲಿ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಕೊನೆಗೆ ಪೂಂಪುಹಾರ್‌ನಲ್ಲಿ ಸಮುದ್ರ, ಸಂದ್ರವಲ್ಲದ ನಿಜವಾದ ಸಮುದ್ರ. ಅದೇ ಹಳೆಯ ಕಾವೇರಿಪೂಂಪಟ್ಟಣ. ಅಲ್ಲಿ ಯವನರ, ಎಂದರೆ ಗ್ರೀಕರಂಥ ಪಶ್ಚಿಮದವರ, ಮನೆಗಳಿದ್ದವೆಂದು ತಮಿಳು ಕಾವ್ಯ ಶಿಲಪ್ಪದಿಕಾರಂ ಹೇಳುತ್ತದೆ. ಪಶ್ಚಿಮದ ಸಮುದ್ರಗಳನ್ನು ದಾಟಿ ಬಂದ ಆ ಜನರ ಮನೆಗಳ ಪಕ್ಕದಲ್ಲಿ, ನಮ್ಮ ಈ ಕಾವಲಿನ ಮೇಲೆ ಬಿದ್ದ ಮಳೆಯೂ ಹರಿದು ಹೋಗಿರುತ್ತದೆ.