ಆರನೇ ಪುಸ್ತಕಕ್ಕೆ ಬಂದ ರಕ್ತಪಿಶಾಚಿ

ಬಾರ್ನಬಾಸ್ ಕಾಲಿನ್ಸ್ ಎಂಬ ವ್ಯಾಂಪೈರ್‌ನ ಹೆಸರು ಕೇಳಿ ‘ಡಾರ್ಕ್ ಶ್ಯಾಡೋಸ್’ ಮಾಲಿಕೆಯ ಮೊದಲ ಕಾದಂಬರಿ ಕೈಗೆತ್ತಿಕೊಂಡವರಿಗೆ ನಿರಾಸೆ ಕಟ್ಟಿಟ್ಟ ಬುತ್ತಿ. ಅದರಲ್ಲಿ ಅವನಿಲ್ಲ. ಎರಡನೆಯದರಲ್ಲೂ ಇಲ್ಲ. ಐದು ಪುಸ್ತಕ ಮುಗಿದರೂ ಪತ್ತೆಯಿಲ್ಲ. ಆರನೆಯದರಲ್ಲಿ ಕೊನೆಗೂ ಬರುತ್ತಾನೆ. ನನ್ನನ್ನು ಕೇಳಿದರೆ, ಅಸಲಿ ಮಜಾ ಶುರುವಾಗುವುದು ಅಲ್ಲಿಂದಲೂ ಹತ್ತು ಪುಸ್ತಕ ದಾಟಿದ ಮೇಲೆ.

ಹೀಗೇಕಾಯಿತು ಎಂದು ತಿಳಿಯಲು ಅರವತ್ತರ ದಶಕದ ಅಮೆರಿಕಕ್ಕೆ ಹೋಗಬೇಕು. 1960ರಲ್ಲಿ ಬಂದ ವಿಕ್ಟೋರಿಯಾ ಹೋಲ್ಟ್ ಅವರ ‘ಮಿಸ್ಟ್ರೆಸ್ ಆಫ್ ಮೆಲ್ಲಿನ್’ ಗೆದ್ದದ್ದೇ ತಡ, ಪೇಪರ್‌ಬ್ಯಾಕ್ ಪ್ರಕಾಶಕರೆಲ್ಲ ಗಾಥಿಕ್ ಕಥೆಗಳ ಬೆನ್ನು ಹತ್ತಿದರು. ಮುಖಪುಟಗಳೂ ಒಂದೇ ಅಚ್ಚಿನವು: ಕತ್ತಲಲ್ಲಿ ನಿಂತ ಹಳೇ ಬಂಗಲೆ, ಅದರ ಒಂದೇ ಕಿಟಕಿಯಲ್ಲಿ ದೀಪ, ಮುಂದೆ ನಿಲುವಂಗಿಯಲ್ಲಿ ಓಡುತ್ತಿರುವ ಹುಡುಗಿ. ಈ ಗಾಳಿ ಟಿವಿಗೂ ಬೀಸಿತು. ರೈಲಿನಲ್ಲಿ ಒಂಟಿಯಾಗಿ ಹೊರಟ ಹೆಣ್ಣೊಬ್ಬಳನ್ನು ಕನಸಿನಲ್ಲಿ ಕಂಡೆ ಎನ್ನುತ್ತಿದ್ದ ನಿರ್ಮಾಪಕ ಡ್ಯಾನ್ ಕರ್ಟಿಸ್, ಅದನ್ನೇ ಹಿಗ್ಗಿಸಿ 1966ರ ಜೂನ್ 27ರಂದು ಎಬಿಸಿ ವಾಹಿನಿಯಲ್ಲಿ ‘ಡಾರ್ಕ್ ಶ್ಯಾಡೋಸ್’ ಧಾರಾವಾಹಿ ಆರಂಭಿಸಿದರು. ಮೇನ್ ರಾಜ್ಯದ ಕಡಲತೀರದ ಕಾಲ್ಪನಿಕ ಊರು ಕಾಲಿನ್ಸ್‌ಪೋರ್ಟ್. ಅಲ್ಲಿನ ಸಿರಿವಂತ ಕಾಲಿನ್ಸ್ ಕುಟುಂಬದ ಮನೆಗೆ ಪಾಠ ಹೇಳಲು ಬರುವ ಅನಾಥೆ ವಿಕ್ಟೋರಿಯಾ ವಿಂಟರ್ಸ್. ಮಧ್ಯಾಹ್ನದ ಹೊತ್ತಿನ, ಮನೆವಾರ್ತೆಯ ಧಾರಾವಾಹಿ ಅದು.

ಜನ ನೋಡಲಿಲ್ಲ. ಹೇಗೂ ಮುಳುಗುವ ಹಡಗು ಎಂದು ಕರ್ಟಿಸ್ ದೆವ್ವಗಳನ್ನು ಹತ್ತಿಸಿಕೊಂಡರು. 1967ರ ಏಪ್ರಿಲ್‌ನಲ್ಲಿ ಶವಪೆಟ್ಟಿಗೆಯ ಸರಪಳಿ ಬಿಚ್ಚಿತು, ಸುಮಾರು 170 ವರ್ಷ ಅದರೊಳಗೆ ಬಂಧಿಯಾಗಿದ್ದ ಬಾರ್ನಬಾಸ್ ಹೊರಬಂದ. ಕೆಲವು ವಾರ ಹೆದರಿಸಿ, ಎದೆಗೆ ಗೂಟ ಬಡಿಸಿಕೊಂಡು ಸಾಯುವುದಷ್ಟೇ ಅವನ ಪಾತ್ರವಾಗಿತ್ತು. ಆದರೆ ಪತ್ರಗಳ ಮಳೆ ಸುರಿಯಿತು. ಶಾಲೆ ಬಿಟ್ಟ ಮಕ್ಕಳು ಅವನಿಗಾಗಿ ಮನೆಗೆ ಓಡತೊಡಗಿದರು. ಪಾತ್ರಧಾರಿ ಜೊನಾಥನ್ ಫ್ರಿಡ್ ಕೆನಡಾದ ರಂಗನಟ. ಮಾತು ಮರೆತು ಅವರು ಕಣ್ಣಲ್ಲಿ ತಡಕಾಡುತ್ತಿದ್ದುದು ಪ್ರಸಿದ್ಧ. ಆ ತಡವರಿಕೆಯೇ ನೋಡುಗರಿಗೆ ಶತಮಾನಗಳ ಸಂಕಟದಂತೆ ಕಂಡಿರಬೇಕು ಎಂಬುದು ನನ್ನ ಗುಮಾನಿ.

ಇತ್ತ ನ್ಯೂಯಾರ್ಕಿನ ಪೇಪರ್‌ಬ್ಯಾಕ್ ಲೈಬ್ರರಿ ಸಂಸ್ಥೆ 1966ರ ಕೊನೆಯಲ್ಲೇ ಧಾರಾವಾಹಿಯ ಹೆಸರಲ್ಲಿ ಕಾದಂಬರಿ ಹೊರಡಿಸಲು ಶುರುಮಾಡಿತ್ತು. ಲೇಖಕಿ ಮೆರಿಲಿನ್ ರಾಸ್. ವಾಸ್ತವದಲ್ಲಿ ಆ ‘ಲೇಖಕಿ’ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನ ಡ್ಯಾನ್ ರಾಸ್. ಹೆಸರು ಅವರ ಹೆಂಡತಿಯದು. ಒಂದು ಕಾಲದಲ್ಲಿ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದ್ದ ಈ ಮನುಷ್ಯ ಹತ್ತಾರು ಹೆಸರುಗಳಲ್ಲಿ 300ಕ್ಕೂ ಹೆಚ್ಚು ಕಾದಂಬರಿ ಬರೆದರು. ಟಿವಿಯಲ್ಲಿ ಬಾರ್ನಬಾಸ್ ಮನೆಮಾತಾಗಿ ಒಂದೂವರೆ ವರ್ಷ ಕಳೆದ ಮೇಲೆ, 1968ರ ಕೊನೆಗೆ, ಆರನೇ ಪುಸ್ತಕದಲ್ಲಿ ಅವನಿಗೆ ಜಾಗ ಸಿಕ್ಕಿತು. ಅಲ್ಲಿಂದ ಮುಖಪುಟದ ಓಡುವ ಹುಡುಗಿ ಮಾಯ, ಫ್ರಿಡ್ ಮುಖ ಹಾಜರ್.

ರಾಸ್ ಧಾರಾವಾಹಿಯ ಕಥೆಗೆ ಕಟ್ಟುಬೀಳಲೇ ಇಲ್ಲ. ಟಿವಿಯ ಲೆಕ್ಕದಲ್ಲಿ ಹತ್ತೊಂಬತ್ತನೇ ಶತಮಾನವಿಡೀ ಪೆಟ್ಟಿಗೆಯೊಳಗೆ ಬಿದ್ದಿದ್ದವನು ಪುಸ್ತಕಗಳಲ್ಲಿ ಅದೇ ಕಾಲದಲ್ಲಿ ಆರಾಮಾಗಿ ಓಡಾಡಿಕೊಂಡಿದ್ದಾನೆ. ಇಂಗ್ಲೆಂಡಿನ ದೂರದ ಸಂಬಂಧಿ ಎಂದು ಹೇಳಿಕೊಂಡು ಬರುತ್ತಾನೆ, ಕಪ್ಪು ಮೇಲಂಗಿ, ಬೆಳ್ಳಿ ಹಿಡಿಯ ಊರುಗೋಲು, ಹಗಲೆಲ್ಲ ನಾಪತ್ತೆ. ಮನೆಗೆ ಹೊಸದಾಗಿ ಬಂದ ಹುಡುಗಿಗೆ ಅವನ ಮೇಲೆ ಮನಸ್ಸಾಗುತ್ತದೆ. ಊರಲ್ಲಿ ಏನೋ ಅನಾಹುತ ನಡೆದು ಎಲ್ಲರ ಅನುಮಾನ ಅವನ ಮೇಲೆ ತಿರುಗುತ್ತದೆ. ಮಾಡಿದವನು ಬೇರೆ ಯಾರೋ. ಬಾರ್ನಬಾಸ್ ಹುಡುಗಿಯನ್ನು ಉಳಿಸಿ, ನನ್ನ ಜೊತೆ ನಿನಗೆ ಬಾಳಿಲ್ಲ ಎಂಬ ಭಾವದಲ್ಲಿ ಊರು ಬಿಡುತ್ತಾನೆ. ನೂರೈವತ್ತು ಚಿಲ್ಲರೆ ಪುಟ. ಮುಂದಿನ ಸಲ ಮತ್ತೆ ಇದೇ.

ಬೇಸರವಾಗಬೇಕಿತ್ತು, ಆಗುವುದಿಲ್ಲ. ಮೊದಲ ಐದು ಪುಸ್ತಕಗಳು ಗಂಭೀರವಾಗಿ ಗಾಥಿಕ್ ಆಗಲು ಹೆಣಗಿ ಸೊರಗುತ್ತವೆ. ಹದಿನಾರನೆಯದಾದ ‘ಬಾರ್ನಬಾಸ್, ಕ್ವೆಂಟಿನ್ ಆ್ಯಂಡ್ ದ ಮಮ್ಮೀಸ್ ಕರ್ಸ್’ (1970) ಹೊತ್ತಿಗೆ ಆ ಬಿಗುಮಾನ ಉದುರಿದೆ. ಹೆಸರೇ ಎಲ್ಲ ಹೇಳುತ್ತದೆ: ಒಂದೇ ಮನೆಯಲ್ಲಿ ವ್ಯಾಂಪೈರ್, ತೋಳಮನುಷ್ಯ ಕ್ವೆಂಟಿನ್, ಮೇಲಿಂದ ಈಜಿಪ್ಟಿನ ಮಮ್ಮಿ. ಟಿವಿಯಲ್ಲಿ ಡೇವಿಡ್ ಸೆಲ್ಬಿ ಮಾಡಿದ ಕ್ವೆಂಟಿನ್ ಜನಪ್ರಿಯನಾದ ಮೇಲೆ ರಾಸ್ ಅವನನ್ನೂ ಎಳೆದುತಂದರು, ಆದರೆ ವೇಷ ಬದಲಿಸಿ ನುಸುಳುವ ಕಿಡಿಗೇಡಿಯಾಗಿ. ಹೊಸ ಗಂಡಸು ಕಂಡಾಗಲೆಲ್ಲ ‘ಇವನೇ ಇರಬಹುದಾ?’ ಎಂದು ಓದುಗ ಕಣ್ಣಿಡಬೇಕು. ಸಂಭಾಷಣೆ ಮರದಷ್ಟು ಒರಟು, ಕಾಕತಾಳೀಯಗಳಿಗೆ ಲೆಕ್ಕವಿಲ್ಲ. ಆದರೂ ಮನೆಯಲ್ಲಿರುವ ಮನುಷ್ಯರಿಗಿಂತ ಸಭ್ಯನಾಗಿ ಹೆಣವೊಂದು ನಡೆದುಕೊಳ್ಳುವುದನ್ನು ನೋಡುವುದರಲ್ಲಿ ಏನೋ ಖುಷಿ.

ಪಶ್ಚಾತ್ತಾಪ ಪಡುವ ರಕ್ತಪಿಶಾಚಿ ಹೊಸತೇನಲ್ಲ; 1840ರ ದಶಕದಲ್ಲಿ ಲಂಡನ್ನಿನಲ್ಲಿ ಕಂತುಗಳಾಗಿ ಬಂದ ‘ವಾರ್ನಿ ದ ವ್ಯಾಂಪೈರ್’ ಕೊನೆಗೆ ಬದುಕು ಸಾಕಾಗಿ ವೆಸೂವಿಯಸ್ ಜ್ವಾಲಾಮುಖಿಗೆ ಹಾರಿದ್ದ. ಆದರೂ 1976ರ ಆ್ಯನ್ ರೈಸ್ ಕಾದಂಬರಿಯಿಂದಲೇ ವ್ಯಾಂಪೈರ್‌ಗೆ ಹೃದಯ ಬಂತು ಎನ್ನುವವರು ಬಸ್ ನಿಲ್ದಾಣದ ಈ ಅಗ್ಗದ ಪುಸ್ತಕಗಳನ್ನು ಮರೆಯುತ್ತಾರೆ.

ಧಾರಾವಾಹಿ 1,225 ಸಂಚಿಕೆಗಳ ನಂತರ 1971ರ ಏಪ್ರಿಲ್‌ನಲ್ಲಿ ನಿಂತಿತು. ಪುಸ್ತಕಗಳು ನಿಲ್ಲಲಿಲ್ಲ, ಮೂವತ್ತೆರಡನೆಯದು 1972ರಲ್ಲಿ ಬಂತು. ಈಚೆಗೆ ಅವು ಮರುಮುದ್ರಣವಾಗಿವೆ. ಧಾರಾವಾಹಿಯಲ್ಲಿ ಮ್ಯಾಗಿ ಇವಾನ್ಸ್ ಆಗಿದ್ದ ಕ್ಯಾಥರಿನ್ ಲೀ ಸ್ಕಾಟ್ ಓದಿರುವ ಆಡಿಯೊ ರೂಪವೂ ಇದೆ. ಕೇಳುವವರು ಒಂದರಿಂದ ಶುರುಮಾಡುವ ಶಿಸ್ತು ಪಾಲಿಸಬೇಕಿಲ್ಲ. ನೇರ ಹದಿನಾರಕ್ಕೆ ಹೋಗಿ. ಹಿಂದಿನ ಕಥೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಅದನ್ನು ರಾಸ್ ಕೂಡ ಅಷ್ಟಾಗಿ ತಲೆಗೆ ಹಚ್ಚಿಕೊಂಡವರಲ್ಲ.